ಕಾವಿಗೆ ಕುಳಿತ ಹೇಟೆ

ನಮ್ಮ ಕಥೆ ಕಾವ್ಯಗಳಲ್ಲಿ ಹುಂಜಕ್ಕೆ ದೊರೆತಷ್ಟು ಮನ್ನಣೆ ಹೇಟೆಗೆ ದೊರೆತಂತೆ ಕಾಣುವುದಿಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಒಬ್ಬ ರಾಜನ ಜನ್ಮಜನ್ಮಾಂತರಗಳ ಪಾಡಿಗೆ ಕಾರಣವಾಗುವುದು ಹಿಟ್ಟಿನಿಂದ ಮಾಡಿದ ಒಂದು ಹುಂಜ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲವೆಂದು ಬೀಗಿದ ಮುದುಕಿಯ ಕಥೆಯಲ್ಲಿಯೂ ಕೂಗುವುದು ಹುಂಜವೇ. ತುಳುನಾಡಿನ ಕೋಳಿ ಅಂಕದಲ್ಲಿ ಜನ ಮುಗಿಬಿದ್ದು ನೋಡುವುದೂ ಹುಂಜವನ್ನೇ. ಹೇಟೆಯಾದರೋ ಬೆಳಗನ್ನು ಸಾರುವುದಿಲ್ಲ, ಅಂಕಕ್ಕೆ ಇಳಿಯುವುದಿಲ್ಲ. ಮೊಟ್ಟೆಯಿಟ್ಟಾಗ ನಾಲ್ಕು ಗಳಿಗೆ ಗದ್ದಲ ಮಾಡಿ ಮತ್ತೆ ತಿಪ್ಪೆಯ ಕಡೆಗೆ ಹೊರಟುಬಿಡುತ್ತದೆ. ಆದರೆ ವರ್ಷದಲ್ಲಿ ಕೆಲವು ಸಲ ಈ ಸಾಧು ಜೀವ ಹಠ ಹಿಡಿಯುವುದುಂಟು. ಆ ಹಠದ ಮುಂದೆ ಹುಂಜದ ಆರ್ಭಟವೆಲ್ಲ ಮಕ್ಕಳಾಟ. ಹಳ್ಳಿಯವರು ಅದನ್ನು ‘ಕಾವಿಗೆ ಕೂತಿದೆ’ ಎಂಬ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ.

ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ, ಹಿತ್ತಿಲಿನಲ್ಲಿ ಎರಡು ತೆಂಗಿನ ಮರಗಳೂ ಒಂದು ನುಗ್ಗೆಯ ಮರವೂ ಇರುವ ಮನೆಯೊಂದರಲ್ಲಿ, ಐದು ಹೇಟೆಗಳೂ ಒಂದು ಹುಂಜವೂ ಇದ್ದವು. ಐದರಲ್ಲಿ ಮೂರು ನಾಟಿ ಕೋಳಿಗಳು. ಎರಡು ಗಿರಿರಾಜ ತಳಿಯವು. ಮನೆಯಲ್ಲಿದ್ದವರು ಅಜ್ಜಿ, ಆಕೆಯ ಸೊಸೆ ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬಂದು ಹೋಗುತ್ತಿದ್ದ. ಕೋಳಿಗಳ ಯಜಮಾನಿಕೆ ಅಜ್ಜಿಯದು. ಮೊಟ್ಟೆಗಳ ಲೆಕ್ಕ ಸೊಸೆಯದು. ವಾರಕ್ಕೊಮ್ಮೆ ಆಕೆ ಮೊಟ್ಟೆಗಳನ್ನು ಅಂಗಡಿಗೆ ಕೊಟ್ಟು, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಮಹಿಳಾ ಸಂಘದ ಸಾಲದ ಕಂತು ಕಟ್ಟುತ್ತಿದ್ದಳು. ನಾಟಿ ಮೊಟ್ಟೆಗೆ ಫಾರಂ ಮೊಟ್ಟೆಗಿಂತ ಹೆಚ್ಚು ಬೆಲೆ ಸಿಗುವುದರಿಂದ ಆ ಐದು ಕೋಳಿಗಳು ಆಕೆಯ ಪಾಲಿಗೆ ಸಣ್ಣ ಆಸರೆಯೇ ಆಗಿದ್ದವು.

ಸಂಕ್ರಾಂತಿ ಕಳೆದ ಮೂರನೆಯ ದಿನ ನಾಟಿ ಹೇಟೆಗಳಲ್ಲಿ ಒಂದಾದ ಕೆಂಚಿ ಮೊಟ್ಟೆಯಿಟ್ಟ ಬುಟ್ಟಿಯನ್ನು ಬಿಟ್ಟೇಳಲಿಲ್ಲ. ಸಂಜೆಯಾದರೂ ಗೂಡಿಗೆ ಬರಲಿಲ್ಲ. ಮೊಮ್ಮಗಳು ಕೈ ನೀಡಿದಾಗ ಮೈಯ ಗರಿಗಳನ್ನೆಲ್ಲ ನಿಮಿರಿಸಿ ಎರಡರಷ್ಟು ದೊಡ್ಡದಾಗಿ, ಗಂಟಲಿನೊಳಗೇ ಗುರುಗುಟ್ಟಿ, ಅವಳ ಬೆರಳನ್ನು ಕುಟುಕಿತು. ಮರುದಿನ ಒಂದು ಗಳಿಗೆ ಹೊರಗೆ ಬಂದಾಗ ಅದರ ನಡೆಯೇ ಬೇರೆಯಾಗಿತ್ತು. ‘ಕ್ಲಕ್, ಕ್ಲಕ್’ ಎಂದು ಒಂದೇ ಸಮನೆ ಸಣ್ಣ ದನಿ ತೆಗೆಯುತ್ತ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಅವಸರದಿಂದ ಕಾಳು ತಿಂದು, ನೀರು ಕುಡಿದು, ಮತ್ತೆ ಬುಟ್ಟಿ ಸೇರಿತು. ಅಜ್ಜಿ ಅದನ್ನು ಎತ್ತಿ ಹೊಟ್ಟೆಯ ಅಡಿಗೆ ಕೈಯಿಟ್ಟು ನೋಡಿದಳು. ಅಲ್ಲಿಯ ಗರಿಗಳು ಉದುರಿ ಬರಿಯ ಚರ್ಮ ಬೆಚ್ಚಗೆ ತಗುಲಿತು. ಇನ್ನು ಸಂದೇಹಕ್ಕೆ ಎಡೆಯಿರಲಿಲ್ಲ.

ಇದು ಹೇಟೆಯ ಮನಸ್ಸಿನ ಚಾಪಲ್ಯವಲ್ಲ, ಮೈಯ ಆಜ್ಞೆ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸ ಹೆಚ್ಚಾಗಿ ಸ್ರವಿಸತೊಡಗಿದಾಗ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಕುಳಿತಿರಬೇಕೆಂಬ ಒಂದೇ ಹಂಬಲ ಉಳಿಯುತ್ತದೆ. ನಾಟಿ ಹೇಟೆ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಆದ್ದರಿಂದಲೇ ಅದು ವರ್ಷಕ್ಕೆ ಇಡುವುದು ಐವತ್ತು ಅರವತ್ತು ಮೊಟ್ಟೆಗಳನ್ನು ಮಾತ್ರ. ಹೆಚ್ಚು ಮೊಟ್ಟೆ ಬೇಕೆಂದ ಮನುಷ್ಯನು ಕಾವಿಗೆ ಕೂರದ ಕೋಳಿಗಳನ್ನೇ ಆಯ್ದು ಆಯ್ದು ತಲೆಮಾರುಗಳ ಕಾಲ ಬೆಳೆಸಿದನು. ವೈಟ್ ಲೆಗ್‌ಹಾರ್ನ್‌ನಂಥ ತಳಿಗಳು ಹೀಗೆ ಕಾವನ್ನೇ ಬಹುಮಟ್ಟಿಗೆ ಮರೆತವು. ಅವುಗಳ ಮೊಟ್ಟೆಗಳನ್ನು ಯಂತ್ರದ ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸಬೇಕಾಗುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಿಲ ಸಾಕಣೆಗೆಂದೇ ರೂಪಿಸಿದ ಗಿರಿರಾಜವೂ ಅಷ್ಟೆ. ಮೊಟ್ಟೆ ದೊಡ್ಡದು, ಮೈ ದೊಡ್ಡದು, ಆದರೆ ಕಾವಿಗೆ ಕೂರುವ ಅಭ್ಯಾಸವಿಲ್ಲ. ಹೀಗಾಗಿ ಆ ಹಿತ್ತಿಲಿನಲ್ಲಿ ಹೆಚ್ಚು ಇಡುವವು ಕೂರಲಾರವು, ಕೂರುವವು ಹೆಚ್ಚು ಇಡಲಾರವು ಎಂಬ ಸ್ಥಿತಿಯಿತ್ತು.

“ಈ ಸಲ ಇದನ್ನು ಎಬ್ಬಿಸಿಬಿಡೋಣ ಅತ್ತೆ,” ಎಂದಳು ಸೊಸೆ. “ಬೂದು ಹೇಟೆ ಗರಿ ಉದುರಿಸಿಕೊಂಡು ನಿಂತಿದೆ. ಇದೂ ಕೂತರೆ ಇಡುವುದು ಮೂರೇ. ಅದರ ಮೇಲೆ ಇದಕ್ಕೆ ಹದಿನಾಲ್ಕು ಮೊಟ್ಟೆ ಬೇರೆ ಕೊಡಬೇಕು. ಗುರುವಾರ ಸಂಘಕ್ಕೆ ನಾನು ಏನು ಕಟ್ಟಲಿ?”

ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಮೂರು ವಾರ ಕಾವು, ಆಮೇಲೆ ಸುಮಾರು ಎರಡು ತಿಂಗಳು ಮರಿಗಳ ಪಾಲನೆ; ಅಷ್ಟೂ ಕಾಲ ಕೆಂಚಿಯಿಂದ ಒಂದು ಮೊಟ್ಟೆಯೂ ಇಲ್ಲ.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಎಬ್ಬಿಸಬಹುದು ಕಣವ್ವ. ಇವಕ್ಕೆಲ್ಲ ವಯಸ್ಸಾಗುತ್ತಾ ಬಂತು. ಬರುವ ವರ್ಷ ನಿನ್ನ ಬುಟ್ಟಿಗೆ ಮೊಟ್ಟೆಯಿಡುವವು ಯಾವುವು?” ಎಂದಳು.

ಒಪ್ಪಂದ ಹತ್ತಕ್ಕೆ ಬಂದು ನಿಂತಿತು. ಕಾವಿಗೆ ಸರಿಸಂಖ್ಯೆ ಒಗ್ಗದೆಂಬ ಅಜ್ಜಿಯ ನಂಬಿಕೆಯಿಂದ ಅದು ಹನ್ನೊಂದಾಯಿತು. ನಂಬಿಕೆಗಳೂ ಒಮ್ಮೊಮ್ಮೆ ಚೌಕಾಸಿಯ ಕೆಲಸಕ್ಕೆ ಬರುತ್ತವೆ.

ಮೊಟ್ಟೆಗಳ ಆಯ್ಕೆಯಲ್ಲಿ ಅಜ್ಜಿಯದು ಅನುಭವದ ಕಣ್ಣು. ವಾರಕ್ಕಿಂತ ಹಳೆಯದನ್ನು ಬಿಟ್ಟಳು. ಸಿಪ್ಪೆ ಒರಟಾದುದನ್ನೂ ಬಿರುಕುಬಿಟ್ಟುದನ್ನೂ ಬಿಟ್ಟಳು. ಕೊಳೆಯಾದ ಮೊಟ್ಟೆಯನ್ನು ತೊಳೆಯಲು ಹೋದ ಮೊಮ್ಮಗಳನ್ನು ತಡೆದಳು. ಸಿಪ್ಪೆಯ ಮೇಲಿನ ತೆಳುವಾದ ಪೊರೆ ತೊಳೆದರೆ ಹೋಗುತ್ತದೆ, ರೋಗಾಣುಗಳು ಒಳಗೆ ನುಗ್ಗುತ್ತವೆ ಎಂಬ ಕಾರಣ ಆಕೆಗೆ ಗೊತ್ತಿರಲಿಲ್ಲ. ತೊಳೆದ ಮೊಟ್ಟೆ ಕೆಡುತ್ತದೆ ಎಂಬುದು ಗೊತ್ತಿತ್ತು. ಚೂಪಾದ ಮೊಟ್ಟೆಯಿಂದ ಹುಂಜ, ಉರುಟಾದುದರಿಂದ ಹೇಟೆ ಎಂಬ ಆಕೆಯ ಇನ್ನೊಂದು ಮಾತನ್ನು ಮಾತ್ರ ಒಪ್ಪುವಂತಿಲ್ಲ. ಮರಿ ಹೆಣ್ಣೋ ಗಂಡೋ ಎಂಬುದು ತಾಯಿಕೋಳಿಯ ವರ್ಣತಂತುಗಳಲ್ಲಿ ನಿಶ್ಚಯವಾಗುತ್ತದೆ. ಸಿಪ್ಪೆಯ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಹನ್ನೊಂದರಲ್ಲಿ ಆರು ಗಿರಿರಾಜದವು, ಐದು ನಾಟಿಯವು. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳಾದರೂ ಚಿಂತೆಯಿಲ್ಲ. ಕಾವು ಸೋಕುವವರೆಗೆ ಒಳಗಿನ ಅಂಕುರ ಬೆಳೆಯದೆ ಕಾದಿರುತ್ತದೆ. ಎಲ್ಲಕ್ಕೂ ಒಂದೇ ದಿನ ಕಾವು ಸಿಕ್ಕರೆ ಎಲ್ಲವೂ ಹೆಚ್ಚುಕಡಮೆ ಒಂದೇ ದಿನ ಒಡೆಯುತ್ತವೆ. ಮೊಮ್ಮಗಳು ಪ್ರತಿಯೊಂದರ ಮೇಲೂ ಇದ್ದಿಲಿನಿಂದ ಒಂದು ಗೆರೆ ಎಳೆದಳು.

ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಅಗಲವಾದ ಒಂದು ಬಿದಿರ ಬುಟ್ಟಿ ಇಟ್ಟು, ತಳಕ್ಕೆ ಮರಳು ಹರಡಿ, ಮೇಲೆ ಹುಲ್ಲು ಹಾಸಿ, ಹೇನು ಹತ್ತದಂತೆ ಒಲೆಯ ಬೂದಿಯನ್ನೂ ಒಂದು ಹಿಡಿ ಬೇವಿನ ಸೊಪ್ಪನ್ನೂ ಉದುರಿಸಿದರು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅಜ್ಜಿ ಒಂದು ಕಬ್ಬಿಣದ ತುಂಡನ್ನೂ ಬದಿಗೆ ತುರುಕಿದಳು. ಮಾಗಿಯ ಕಾಲದಲ್ಲಿ ಗುಡುಗು ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ. ರಾತ್ರಿಯಾದ ಮೇಲೆ ಕೆಂಚಿಯನ್ನು ಎತ್ತಿ ತಂದು ಅಲ್ಲಿ ಕೂರಿಸಿದರು. ಹಗಲಿನಲ್ಲಿ ಜಾಗ ಬದಲಿಸಿದರೆ ಹೇಟೆ ಹಳೆಯ ಜಾಗಕ್ಕೇ ಓಡುತ್ತದೆ. ಕತ್ತಲಲ್ಲಿ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಹೊಸ ಬುಟ್ಟಿಯೇ ತನ್ನದೆಂದುಕೊಳ್ಳುತ್ತದೆ. ಕೆಂಚಿ ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಎದೆಯಡಿಗೆ ಸೆಳೆದುಕೊಂಡಿತು. ಅವು ತನ್ನವೋ ಗಿರಿರಾಜದವೋ ಎಂದು ನೋಡಲಿಲ್ಲ.

ಕಾವು ಎಂದರೆ ಸುಮ್ಮನೆ ಕೂರುವುದಲ್ಲ. ಮೊಟ್ಟೆಗೆ ಬೇಕಾದುದು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ. ಹೇಟೆ ದಿನಕ್ಕೆ ಹಲವಾರು ಬಾರಿ ಮೊಟ್ಟೆಗಳನ್ನು ಹೊರಳಿಸುತ್ತದೆ. ಹಾಗೆ ಮಾಡದಿದ್ದರೆ ಬೆಳೆಯುವ ಪಿಂಡ ಸಿಪ್ಪೆಯೊಳಗಿನ ಪೊರೆಗೆ ಅಂಟಿಕೊಳ್ಳುತ್ತದೆ. ಅಂಚಿನವನ್ನು ನಡುವಿಗೂ ನಡುವಿನವನ್ನು ಅಂಚಿಗೂ ಸರಿಸುತ್ತದೆ. ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ತಿಂದು, ಕುಡಿದು, ಧೂಳಿನಲ್ಲಿ ಹೊರಳಿ ಬರುತ್ತದೆ. ಉಳಿದ ಹೊತ್ತೆಲ್ಲ ಅರೆಗಣ್ಣು ಮುಚ್ಚಿ ಕುಳಿತಿರುತ್ತದೆ. ಇಪ್ಪತ್ತೊಂದು ದಿನ ಮುಗಿಯುವ ವೇಳೆಗೆ ಅದರ ತೂಕ ಇಳಿದು ಜುಟ್ಟು ಬಾಡಿರುತ್ತದೆ. ಸಾಕಿದವರು ಮಾಡಬೇಕಾದುದು ಹೆಚ್ಚೇನೂ ಇಲ್ಲ: ಕಾಳು ನೀರು ಹತ್ತಿರವಿರಬೇಕು, ಎದ್ದುಹೋದ ಹೇಟೆ ಮರಳಿತೇ ಎಂದು ನೋಡಬೇಕು, ಉಳಿದ ಕೋಳಿಗಳು ಆ ಬುಟ್ಟಿಯ ಬಳಿ ಸುಳಿಯದಂತೆ ತಡೆಯಬೇಕು. ಈ ಕೊನೆಯದೇ ಸಣ್ಣ ಹಿಂಡಿನಲ್ಲಿ ಬಲು ಕಷ್ಟ. ಹೇಟೆಗಳಿಗೆ ಮೊಟ್ಟೆಯಿರುವ ಕಡೆಯೇ ಮೊಟ್ಟೆಯಿಡುವ ಆಸೆ. ಹತ್ತು ಖಾಲಿ ಬುಟ್ಟಿಗಳಿದ್ದರೂ ತುಂಬಿದ ಒಂದು ಬುಟ್ಟಿಗೆ ಜಗಳವಾಡುತ್ತವೆ. ಅದಕ್ಕೆಂದೇ ಅಜ್ಜಿ ಮೂಲೆಗೆ ಅಡ್ಡಲಾಗಿ ಒಂದು ಹಲಗೆ ನಿಲ್ಲಿಸಿದ್ದಳು. ಬೆಳಿಗ್ಗೆ ಅದನ್ನು ಸರಿಸಿ ಕೆಂಚಿಯನ್ನು ಬಿಡುವುದು, ಅದು ಮರಳಿ ಕುಳಿತ ಮೇಲೆ ಮತ್ತೆ ಮುಚ್ಚುವುದು.

ಏಳನೆಯ ರಾತ್ರಿ ಮೊಟ್ಟೆಗಳ ಪರೀಕ್ಷೆ ನಡೆಯಿತು. ಹಿಂದೆ ಅಜ್ಜಿ ಬುಡ್ಡಿಯ ದೀಪದ ಎದುರು ಅಂಗೈಯನ್ನು ಕೊಳವೆ ಮಾಡಿ ನೋಡುತ್ತಿದ್ದಳು; ಈಗ ಮೊಮ್ಮಗಳು ಮೊಬೈಲಿನ ಬೆಳಕನ್ನು ಮೊಟ್ಟೆಯ ದಪ್ಪ ತುದಿಗೆ ಹಿಡಿದಳು. ಒಳಗೆ ಒಂದು ಕಪ್ಪು ಚುಕ್ಕೆ. ಅದರ ಸುತ್ತ ಜೇಡನ ಕಾಲುಗಳಂತೆ ಹರಡಿದ ಕೆಂಪು ನರಗಳು. ಪಾಠಪುಸ್ತಕದ ಚಿತ್ರದಲ್ಲಿ ನಿಶ್ಚಲವಾಗಿರುವುದು ಅಲ್ಲಿ ಅಲುಗುತ್ತಿತ್ತು. ಎರಡು ಮೊಟ್ಟೆಗಳು ಮಾತ್ರ ಒಳಗೆ ಏನೂ ಇಲ್ಲದೆ ತಿಳಿಯಾಗಿದ್ದವು. ಅವನ್ನು ತೆಗೆದರು. ಉಳಿದವು ಒಂಬತ್ತು.

ಹದಿಮೂರನೆಯ ದಿನ ಅಜ್ಜಿ ನಂಟರ ಮನೆಯ ಮದುವೆಗೆ ಹೋಗಿದ್ದಳು. ಮೊಮ್ಮಗಳಿಗೆ ಅಂದು ಗಣಿತದ ಕಿರುಪರೀಕ್ಷೆ. ಬೆಳಿಗ್ಗೆ ಹಲಗೆ ಸರಿಸಿ ಕೆಂಚಿಯನ್ನು ಬಿಟ್ಟವಳು, ಬಸ್ಸಿನ ಸದ್ದು ಕೇಳಿ ಪುಸ್ತಕ ಎತ್ತಿಕೊಂಡು ಓಡಿದಳು. ಹಲಗೆ ಹಾಗೆಯೇ ಉಳಿಯಿತು. ಕೆಂಚಿ ಧೂಳಿನಲ್ಲಿ ಹೊರಳುತ್ತಿದ್ದಾಗ ಕಪ್ಪು ಹೇಟೆ ಒಳಗೆ ನುಗ್ಗಿ ಬುಟ್ಟಿಯಲ್ಲಿ ಕುಳಿತಿತು. ಮರಳಿ ಬಂದ ಕೆಂಚಿ ತನ್ನ ಜಾಗದಲ್ಲಿ ಇನ್ನೊಂದನ್ನು ಕಂಡು, ಸ್ವಲ್ಪ ಹೊತ್ತು ಸುತ್ತಾಡಿ, ಗೂಡಿನಲ್ಲಿದ್ದ ತನ್ನ ಹಳೆಯ ಬುಟ್ಟಿಗೆ ಹೋಗಿ ಅಲ್ಲಿದ್ದ ಒಂದೇ ಒಂದು ಮೊಟ್ಟೆಯ ಮೇಲೆ ಕುಳಿತುಬಿಟ್ಟಿತು. ಕಾವಿಗೆ ಕುಳಿತ ಹೇಟೆಗೆ ಲೆಕ್ಕ ಬಾರದು; ಒಂಬತ್ತರ ಮೇಲಿದ್ದ ನಿಷ್ಠೆಯೇ ಒಂದರ ಮೇಲೂ ಇರುತ್ತದೆ. ಕಪ್ಪು ಹೇಟೆ ತನ್ನ ಕೆಲಸ ಮುಗಿಸಿ ಕೇಕೆ ಹಾಕುತ್ತ ಹೊರಟುಹೋಯಿತು.

ಮಧ್ಯಾಹ್ನ ಹೊಲದಿಂದ ಬಂದ ಸೊಸೆ ದನಕ್ಕೆ ನೀರಿಡಲು ಕೊಟ್ಟಿಗೆಗೆ ಹೋದಾಗ ಬುಟ್ಟಿ ಬರಿದಾಗಿರುವುದನ್ನು ಕಂಡಳು. ಹತ್ತು ಮೊಟ್ಟೆಗಳಿದ್ದವು, ಒಂದಕ್ಕೆ ಇದ್ದಿಲಿನ ಗೆರೆಯಿರಲಿಲ್ಲ. ಏನಾಯಿತೆಂದು ತಿಳಿಯಲು ಅಷ್ಟೇ ಸಾಕಾಯಿತು. ಗೆರೆಯಿದ್ದ ಒಂದು ಮೊಟ್ಟೆಯನ್ನು ಎತ್ತಿ ಕಣ್ಣಿನ ರೆಪ್ಪೆಗೆ ತಗುಲಿಸಿದಳು. ತಣ್ಣಗಿತ್ತು. ಇನ್ನೊಂದನ್ನು ನೋಡಿದಳು, ಅದೂ ಹಾಗೆಯೇ. ಮಾರಬಹುದಾಗಿದ್ದ ಮೊಟ್ಟೆಗಳು ಅವು. ಈಗ ಮಾರುವಂತೆಯೂ ಇಲ್ಲ, ತಿನ್ನುವಂತೆಯೂ ಇಲ್ಲ. ಆಕೆ ಕೆಂಚಿಯನ್ನು ಹುಡುಕಿ ಎರಡು ಕೈಯಲ್ಲಿ ಅಮುಕಿ ಹಿಡಿದು ತಂದಳು. ಮುಂಗೈಯಲ್ಲಿ ಎರಡು ಕಡೆ ರಕ್ತ ಬಂತು. ಬುಟ್ಟಿಯಲ್ಲಿ ಕೂರಿಸಿ, ಅದು ಏಳದಂತೆ ಮೇಲೆ ದೊಡ್ಡ ಮಂಕರಿಯನ್ನು ಬೋರಲು ಹಾಕಿ, ಅದರ ಮೇಲೊಂದು ಗೋಣಿತಾಟು ಹೊದಿಸಿ, ಕತ್ತಲು ಮಾಡಿ, ಅಲ್ಲಿಯೇ ಕುಳಿತಳು. ಒಳಗಿನಿಂದ ಮೊದಲು ಪರಚುವ ಸದ್ದು ಬಂತು. ಆಮೇಲೆ ಮೊಟ್ಟೆಗೆ ಮೊಟ್ಟೆ ತಗುಲುವ ಮೆಲುಸದ್ದು. ಆಕೆ ಎದ್ದು ದನಕ್ಕೆ ನೀರಿಟ್ಟಳು. ಅಂದಿನ ಊಟ ಆಕೆಗೆ ಬಹಳ ತಡವಾಯಿತು.

ರಾತ್ರಿ ಅಜ್ಜಿ ಬಂದ ಮೇಲೆ ಮತ್ತೆ ದೀಪ ಹಿಡಿದು ನೋಡಿದರು. ಒಂಬತ್ತರಲ್ಲಿ ಎಂಟರೊಳಗೆ ನರಗಳು ಕೆಂಪಾಗಿಯೇ ಇದ್ದವು. ಒಂದು ಮಾತ್ರ ಮಂಕಾಗಿತ್ತು. ಕೆಲವು ಗಂಟೆಗಳ ತಂಪನ್ನು ಪಿಂಡ ತಡೆದುಕೊಳ್ಳಬಲ್ಲದು, ಆದರೆ ಬೆಳವಣಿಗೆ ಹಿಂದೆ ಬೀಳುತ್ತದೆ. ಮೊಮ್ಮಗಳು ಅತ್ತಳು. ಅವಳನ್ನು ಯಾರೂ ಬೈಯಲಿಲ್ಲ. ಹಲಗೆಗೆ ಒಂದು ಹಗ್ಗ ಕಟ್ಟಿ ಬಾಗಿಲಿನ ಚಿಲಕಕ್ಕೆ ಬಿಗಿದರು.

ಇಷ್ಟರಲ್ಲಿ ಕಪ್ಪು ಹೇಟೆಗೂ ಕಾವು ಹಿಡಿಯಿತು. ಮೊಟ್ಟೆ ತುಂಬಿದ ಬುಟ್ಟಿಯಲ್ಲಿ ಕುಳಿತದ್ದೇ ಅದಕ್ಕೆ ನೆಪವಾಗಿರಬೇಕು. ಈ ಸಲ ಅಜ್ಜಿಯೇ ಎಬ್ಬಿಸಬೇಕೆಂದಳು. ಎರಡು ಹೇಟೆಗಳನ್ನು ಕೂರಿಸುವಷ್ಟು ಮೊಟ್ಟೆಯೂ ಇರಲಿಲ್ಲ, ಸಂಘದ ಗುರುವಾರವೂ ತಪ್ಪುವಂತಿರಲಿಲ್ಲ. ಪಕ್ಕದ ಮನೆಯವರು ಮೂಗಿನ ಹೊಳ್ಳೆಗೆ ಗರಿ ಚುಚ್ಚಿಬಿಡಿರೆಂದರು. ಹಳ್ಳಿಗಳಲ್ಲಿ ನಡೆದುಬಂದ ಉಪಾಯವೇ ಅದು. ಆದರೆ ಕ್ರೂರವಾದದ್ದು, ಅನಗತ್ಯವಾದದ್ದು. ಕಾವಿನ ಮೂಲ ಹೊಟ್ಟೆಯಡಿಯ ಬಿಸುಪು ಮತ್ತು ಕತ್ತಲು. ಅವೆರಡನ್ನೂ ತಪ್ಪಿಸಿದರೆ ಸಾಕು. ಅಜ್ಜಿ ಸಂದು ಸಂದಾಗಿ ಹೆಣೆದ ಬಿದಿರಿನ ತಟ್ಟಿಯನ್ನು ನಾಲ್ಕು ಇಟ್ಟಿಗೆಗಳ ಮೇಲಿಟ್ಟು, ಅದರ ಮೇಲೆ ಕಪ್ಪು ಹೇಟೆಯನ್ನು ಕೂಡಿ, ಮೇಲೆ ಬಲೆ ಮುಚ್ಚಿ, ನುಗ್ಗೆಯ ಮರದಡಿ ಗಾಳಿ ಬೆಳಕು ಆಡುವ ಕಡೆ ಇರಿಸಿದಳು. ಹುಲ್ಲಿಲ್ಲ, ಮೂಲೆಯಿಲ್ಲ, ಕೆಳಗಿನಿಂದ ತಂಗಾಳಿ. ಕಾಳು ನೀರಿಗೆ ಮಾತ್ರ ಕೊರತೆ ಮಾಡಲಿಲ್ಲ. ಮೊದಲ ದಿನ ಅದು ಬರಿಯ ತಟ್ಟಿಯ ಮೇಲೆಯೇ ಗರಿಯುಬ್ಬಿಸಿ ಕುಳಿತಿತು. ಮೂರನೆಯ ದಿನ ನಿಂತುಕೊಂಡಿತು. ನಾಲ್ಕನೆಯ ದಿನ ಬಿಟ್ಟಾಗ ಬುಟ್ಟಿಯ ಕಡೆಗೆ ತಿರುಗಿಯೂ ನೋಡದೆ ತಿಪ್ಪೆಗೆ ಓಡಿತು. ಹಠ ಹಿಡಿದ ಮೊದಲೆರಡು ದಿನಗಳಲ್ಲೇ ಹೀಗೆ ಮಾಡಿದರೆ ಬೇಗ ಬಿಡುತ್ತದೆ. ವಾರ ಕಳೆದರೆ ಕಷ್ಟ ಎಂದು ಅಜ್ಜಿ ಹೇಳುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಬಂತು. ಏನೂ ಆಗಲಿಲ್ಲ. ಹದಿನೆಂಟನೆಯ ದಿನದಿಂದ ಯಾರೂ ಮೊಟ್ಟೆ ಮುಟ್ಟಬಾರದೆಂದು ಅಜ್ಜಿ ಕಟ್ಟುಮಾಡಿದ್ದಳು. ಒಳಗಿನ ಮರಿ ತಲೆ ತಿರುಗಿಸಿಕೊಂಡು ಹೊರಬರಲು ಅಣಿಯಾಗುವ ಕಾಲ ಅದು. ರಾತ್ರಿ ಸೊಸೆ ಎರಡು ಬಾರಿ ಎದ್ದು ಕೊಟ್ಟಿಗೆಗೆ ಹೋಗಿಬಂದಳು. ಎರಡನೆಯ ಬಾರಿ ಬಂದವಳು ಅತ್ತೆಯ ಹಾಸಿಗೆಯ ಬಳಿ ನಿಂತು, “ಒಳಗೆ ಕೂಗುತ್ತಿದೆ,” ಎಂದಳು.

ಸಿಪ್ಪೆ ಒಡೆಯುವ ಮೊದಲೇ ಮರಿ ಒಳಗಿನಿಂದ ಕೂಗುತ್ತದೆ; ತಾಯಿ ಹೊರಗಿನಿಂದ ಮೆಲ್ಲಗೆ ಉತ್ತರ ಕೊಡುತ್ತದೆ. ಮರಿಯ ಕೊಕ್ಕಿನ ತುದಿಯಲ್ಲಿ ಒಂದು ಬಿಳಿಯ ಮೊನೆಯಿರುತ್ತದೆ. ಸಿಪ್ಪೆ ಒಡೆಯುವುದಕ್ಕೆಂದೇ ಇರುವ ಅದು ಕೆಲವು ದಿನಗಳಲ್ಲಿ ಉದುರಿಹೋಗುತ್ತದೆ. ಮೊದಲ ತೂತಿನಿಂದ ಪೂರ್ಣ ಹೊರಬರುವವರೆಗೆ ಹಲವು ಗಂಟೆಗಳು ಬೇಕು. ನೋಡುವವರಿಗೆ ಸಿಪ್ಪೆ ಬಿಡಿಸಿ ಸಹಾಯ ಮಾಡುವ ಆಸೆಯಾಗುತ್ತದೆ. ಮಾಡಬಾರದು, ಒಳಪೊರೆಯ ರಕ್ತ ಮರಿಯ ಮೈಗೆ ಇನ್ನೂ ಸೇರಿರುವುದಿಲ್ಲ. ಇಪ್ಪತ್ತೆರಡನೆಯ ದಿನ ಸಂಜೆಯ ಹೊತ್ತಿಗೆ ಕೆಂಚಿಯ ರೆಕ್ಕೆಯಡಿಯಿಂದ ಐದು ತಲೆಗಳು ಇಣುಕುತ್ತಿದ್ದವು. ಕೆಂಚಿ ಏಳಲಿಲ್ಲ. ಮೊಟ್ಟೆಯ ಭಂಡಾರವನ್ನು ಹೊಟ್ಟೆಯೊಳಗೆ ಸೆಳೆದುಕೊಂಡೇ ಹೊರಬರುವ ಮರಿ ಎರಡು ದಿನ ಉಪವಾಸವಿರಬಲ್ಲದು. ಆದ್ದರಿಂದ ಹಿಂದುಳಿದವಕ್ಕಾಗಿ ತಾಯಿ ಕಾಯಬಲ್ಲದು. ಮರುದಿನ ಬೆಳಿಗ್ಗೆ ಏಳಾದವು. ಎಂಟನೆಯದು ಸಿಪ್ಪೆಯಲ್ಲಿ ತೂತು ಮಾಡಿ ಅಲ್ಲಿಯೇ ನಿಂತುಹೋಗಿತ್ತು. ಮಂಕಾಗಿದ್ದ ಒಂಬತ್ತನೆಯದರೊಡನೆ ಅದನ್ನೂ ಸೊಸೆ ತೆಂಗಿನ ಬುಡದಲ್ಲಿ ಹೂತಳು.

ಮರಿಗಳ ಕಾಲು ಹಳದಿಯಾಗಿದ್ದವು. ಮನೆಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ ಈ ಹಳದಿ ಮಾತ್ರ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ನುಚ್ಚು ಚೆಲ್ಲಿದರು, ಮರಿಗಳು ಮುಳುಗದಂತೆ ಚಪ್ಪಟೆ ತಟ್ಟೆಯ ನೀರಿನಲ್ಲಿ ಬೆಣಚುಕಲ್ಲುಗಳನ್ನು ಹಾಕಿದರು. ವಾರದೊಳಗೆ ಪಶು ಆಸ್ಪತ್ರೆಯಿಂದ ಕೊಕ್ಕರೆ ರೋಗದ ಲಸಿಕೆ ತಂದು ಒಂದೊಂದರ ಕಣ್ಣಿಗೂ ಹನಿ ಹಾಕಿಸಿದರು. ಅಂಗಳದ ಮೇಲೆ ಹದ್ದಿನ ನೆರಳು ಹಾಯ್ದರೆ ಕೆಂಚಿ ಒಂದು ದನಿ ತೆಗೆಯುತ್ತಿತ್ತು. ಏಳೂ ಮರಿಗಳು ಕ್ಷಣದಲ್ಲಿ ರೆಕ್ಕೆಯಡಿ ಮಾಯವಾಗುತ್ತಿದ್ದವು. ಆದರೂ ಒಂದು ದಿನ ಹದ್ದು ಒಂದನ್ನು ಒಯ್ದಿತು. ಕೆಂಚಿ ಆಳೆತ್ತರಕ್ಕೆ ಹಾರಿ ಅದನ್ನು ಬೆನ್ನಟ್ಟಿತು. ಕೆಳಗೆ ಬಿದ್ದು, ಎದ್ದು, ಉಳಿದ ಆರನ್ನು ಕರೆಯಿತು.

ಗಿರಿರಾಜದ ಮೊಟ್ಟೆಗಳಿಂದ ಬಂದ ಮರಿಗಳು ಬೇಗ ಬೆಳೆದು ಎರಡು ತಿಂಗಳಿಗೆ ತಾಯಿಯ ಗಾತ್ರಕ್ಕೆ ಬಂದವು. ಆದರೂ ಕತ್ತಲಾದೊಡನೆ ರೆಕ್ಕೆಯಡಿ ತಲೆ ತೂರಿಸಲು ಬರುತ್ತಿದ್ದವು. ಕೆಂಚಿ ನೆಲದಿಂದ ಮೇಲೆತ್ತಲ್ಪಟ್ಟು, ಆ ಅವಮಾನವನ್ನು ಸಹಿಸಿಕೊಂಡು ನಿಂತಿರುತ್ತಿತ್ತು. ಒಂದು ಬೆಳಿಗ್ಗೆ ಅದು ಇದ್ದಕ್ಕಿದ್ದಂತೆ ಅವುಗಳ ತಲೆಗೆ ಕುಟುಕಿ ದೂರ ಓಡಿಸಿತು. ಅದರ ಜುಟ್ಟು ಮತ್ತೆ ಕೆಂಪೇರಿತ್ತು. ಮೂರು ದಿನಗಳ ಮೇಲೆ ಗೂಡಿನ ಬುಟ್ಟಿಯಲ್ಲಿ ಅದರ ಮೊಟ್ಟೆ ಸಿಕ್ಕಿತು.

ಆರರಲ್ಲಿ ನಾಲ್ಕು ಹೇಟೆಗಳು. ಎರಡು ಹುಂಜಗಳನ್ನು ಯುಗಾದಿ ಕಳೆದ ಮೇಲೆ ಸಂತೆಗೆ ಒಯ್ದು ಮಾರಿ ಬಂದ ದಿನ ಸೊಸೆ ಸಂಘದ ಪುಸ್ತಕದಲ್ಲಿ ಎರಡು ವಾರದ ಕಂತನ್ನು ಒಟ್ಟಿಗೆ ಬರೆಸಿದಳು. ಆಮೇಲೆ ಅಡುಗೆಮನೆಯಲ್ಲಿ ಮೊಟ್ಟೆಗಳನ್ನು ಎಣಿಸುತ್ತಿದ್ದಾಗ, ಗಿರಿರಾಜದ ದೊಡ್ಡ ಮೊಟ್ಟೆಗಳೆರಡನ್ನು ಬೇರೆ ತೆಗೆದು ರಾಗಿಯ ಮಡಕೆಯಲ್ಲಿ ಹುದುಗಿಸಿದಳು.

“ಅವು ಯಾಕವ್ವಾ ಅಲ್ಲಿ?” ಎಂದಳು ಮಗಳು.

“ಕೆಂಚಿ ಇವತ್ತು ಬುಟ್ಟಿಯಿಂದ ಏಳುವುದಕ್ಕೆ ಬಹಳ ಹೊತ್ತು ಮಾಡಿತು,” ಎಂದಳು ಆಕೆ.